ಮಧ್ಯಾಹ್ನದ ಆಂಟಿಬಯಾಟಿಕ್ ತಪ್ಪಿದರೆ ರಾತ್ರಿ ಎರಡು ಒಟ್ಟಿಗೆ ತಗೊಂಡರೆ ಸರಿ ಹೋಗುತ್ತದೆಯೇ?

ಅಮಾಕ್ಸಿಸಿಲಿನ್ 500 ದಿನಕ್ಕೆ 3 ಸಲ ಬರೆದಿದ್ದಾರೆ, ಮಧ್ಯಾಹ್ನದ್ದು ಕೆಲಸದ ಗಡಿಬಿಡಿಯಲ್ಲಿ ತಪ್ಪುತ್ತದೆ, ರಾತ್ರಿ 2 ನುಂಗಿದರೆ ಲೆಕ್ಕ ಸರಿ ಹೋಗುತ್ತಲ್ವಾ, ಇಲ್ಲಾಂದ್ರೆ ದಿನಕ್ಕೆ ಒಂದೇ ಸಾಕಾಗುವ ಸ್ಟ್ರಾಂಗ್ ಮಾತ್ರೆ ಕೇಳಲಾ ಅಂತ ಕೇಳಿದ್ದೀರಿ. ಲೆಕ್ಕ ಸರಿ ಹೋಗುವುದಿಲ್ಲ. ಇದೇ ಲೆಕ್ಕ ಹಾಕಿ ನಾನು ಪಕ್ಕೆಲುಬಿನ ನಡುವೆ ಟ್ಯೂಬ್ ಹಾಕಿಸಿಕೊಂಡು ಆಸ್ಪತ್ರೆಯಲ್ಲಿ ಮಲಗಿದ್ದೆ.

ಆಗ ದಾವಣಗೆರೆಯಲ್ಲಿ ಬಿತ್ತನೆ ಬೀಜ ಮಾರುವ ಕೆಲಸ ನನ್ನದು. ಬೆಳಿಗ್ಗೆ ಬೈಕ್ ಹತ್ತಿದರೆ ಹರಿಹರ, ಹೊನ್ನಾಳಿ, ಚನ್ನಗಿರಿ ಅಂತ ಸುತ್ತಿ ರಾತ್ರಿಗೆ ಮನೆ. ಮುಂಗಾರಿನ ಸೀಸನ್, ರಜೆ ಹಾಕುವ ಮಾತೇ ಇಲ್ಲ. ಕೆಮ್ಮು, ನಡುಕ ಬರುವಂಥ ಚಳಿಜ್ವರ, ಉಸಿರು ಎಳೆದರೆ ಬಲಗಡೆ ಪಕ್ಕೆಯಲ್ಲಿ ಚುಚ್ಚುವ ನೋವು ಶುರುವಾಯಿತು. ಎಕ್ಸ್-ರೇ ನೋಡಿದ ಡಾಕ್ಟರು ನ್ಯುಮೋನಿಯಾ ಅಂದರು. ಅಡ್ಮಿಟ್ ಆಗುವಷ್ಟು ಇಲ್ಲ, ಮನೆಯಲ್ಲೇ ಮಲಗಿ ಅಂದರು. ಚೀಟಿಯಲ್ಲಿ ನಿಮ್ಮದೇ ಮಾತ್ರೆ, 1-1-1. ಎಂಟೆಂಟು ಗಂಟೆಗೆ ಅಂತ ಬಾಯಲ್ಲೂ ಹೇಳಿದ್ದರು. ನಾನು ಕೇಳಿಸಿಕೊಂಡಿದ್ದು ‘ದಿನಕ್ಕೆ 3’ ಅಂತ ಮಾತ್ರ.

ಜ್ವರ ಇಳಿಯಿತು. ಇಳಿದ ಕೂಡಲೇ ಬೈಕ್ ಹತ್ತಿದೆ. ಬೆಳಿಗ್ಗೆ 8ಕ್ಕೆ ಒಂದು ಮಾತ್ರೆ. ಮಧ್ಯಾಹ್ನದ್ದು ಮನೆಯಲ್ಲೇ ಉಳಿಯುತ್ತಿತ್ತು. ರಾತ್ರಿ 10ಕ್ಕೆ ಬಂದು ಎರಡು ಒಟ್ಟಿಗೆ. ಗೋದಾಮಿನಲ್ಲಿ ಸಂಜೆ ಚೀಲ ಎಣಿಸುವ ಹಾಗೆ ನಾನು ಮಿಲಿಗ್ರಾಂ ಎಣಿಸುತ್ತಿದ್ದೆ. ದಿನಕ್ಕೆ 1500 ಹೋಗಬೇಕು, ಹೋಗಿದೆ, ಮುಗಿಯಿತು.

ಈ ಲೆಕ್ಕದಲ್ಲಿ ತಪ್ಪೆಲ್ಲಿದೆ ಅಂತ ನಿಧಾನಕ್ಕೆ ಹೇಳುತ್ತೇನೆ, ಯಾಕಂದ್ರೆ ನಿಮ್ಮ ಪ್ರಶ್ನೆಯೂ ಅದರ ಮೇಲೇ ನಿಂತಿದೆ.

ಮಾತ್ರೆ ಹೊಟ್ಟೆಗೆ ಹೋದ ಮೇಲೆ ಅಲ್ಲೇ ಕೂತಿರುವುದಿಲ್ಲ. ಅಮಾಕ್ಸಿಸಿಲಿನ್ ಒಂದೆರಡು ಗಂಟೆಯೊಳಗೆ ರಕ್ತದಲ್ಲಿ ಅತಿ ಹೆಚ್ಚಿನ ಮಟ್ಟ ಮುಟ್ಟುತ್ತದೆ. ಆಮೇಲೆ ಕಿಡ್ನಿ ಅದನ್ನು ಹೊರಗೆ ಹಾಕುತ್ತಾ ಹೋಗುತ್ತದೆ. ಕಿಡ್ನಿ ಚೆನ್ನಾಗಿರುವವರಲ್ಲಿ ಇದರ ಅರ್ಧಾಯು ಸುಮಾರು 1 ಗಂಟೆ. ಅಂದ್ರೆ ಪ್ರತಿ ಗಂಟೆಗೂ ಇದ್ದದ್ದರಲ್ಲಿ ಅರ್ಧ ಖಾಲಿ. ಇನ್ನೊಂದು ಕಡೆ ರೋಗಾಣು ಇದೆ. ಅದರ ಬೆಳವಣಿಗೆ ನಿಲ್ಲಿಸಲು ಇಷ್ಟಾದರೂ ಔಷಧಿ ಬೇಕು ಅನ್ನುವ ಒಂದು ಗೆರೆ ಇರುತ್ತದೆ. ಲ್ಯಾಬಿನವರು ಅದನ್ನು ಎಂಐಸಿ ಅನ್ನುತ್ತಾರೆ. ಅಮಾಕ್ಸಿಸಿಲಿನ್ ಸೇರಿದಂತೆ ಪೆನಿಸಿಲಿನ್ ಜಾತಿಯ ಔಷಧಿಗಳ ಮಟ್ಟಿಗೆ, ಔಷಧಿ ಆ ಗೆರೆಯಿಂದ ಎಷ್ಟು ಎತ್ತರಕ್ಕೆ ಹೋಯಿತು ಅನ್ನುವುದು ಅಷ್ಟು ಮುಖ್ಯ ಅಲ್ಲ. ಗೆರೆಯ ಮೇಲೆ ಎಷ್ಟು ಹೊತ್ತು ನಿಂತಿತ್ತು ಅನ್ನುವುದು ಮುಖ್ಯ. ಎರಡು ಡೋಸ್‌ಗಳ ನಡುವಿನ ಸಮಯದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟಾದರೂ ಮೇಲಿರಬೇಕು.

ಲೆಕ್ಕ ಸುಲಭವಾಗಲಿ ಅಂತ ದುಂಡನೆಯ ಅಂಕಿ ಇಟ್ಟುಕೊಳ್ಳೋಣ. ಗೆರೆ 1. ಒಂದು ಮಾತ್ರೆ ನುಂಗಿದಾಗ ಮಟ್ಟ 8ಕ್ಕೆ ಏರುತ್ತದೆ. 8ರಿಂದ 4, 4ರಿಂದ 2, 2ರಿಂದ 1. ಇಳಿಯಲು 3 ಗಂಟೆ. ಏರುವ ಸಮಯವನ್ನೂ ಸೇರಿಸಿದರೆ ನಾಲ್ಕೂವರೆ ಗಂಟೆ ಅನ್ನಿ. ಎರಡು ಮಾತ್ರೆ ಒಟ್ಟಿಗೆ ನುಂಗಿದರೆ 16ಕ್ಕೆ ಏರುತ್ತದೆ. ಆದರೆ 16ರಿಂದ 8ಕ್ಕೆ ಇಳಿಯಲು ಬೇಕಾಗಿರುವುದು ಒಂದೇ ಗಂಟೆ. ಅಂದ್ರೆ ಎರಡನೇ ಮಾತ್ರೆಯಿಂದ ನನಗೆ ಸಿಕ್ಕಿದ್ದು ಹೆಚ್ಚಿನ 1 ಗಂಟೆ. ಅದೇ ಮಾತ್ರೆಯನ್ನು ಮಧ್ಯಾಹ್ನ ನುಂಗಿದ್ದರೆ ನಾಲ್ಕೂವರೆ ಗಂಟೆ ಸಿಗುತ್ತಿತ್ತು. ಬೆಳಿಗ್ಗೆ 8ರ ಔಷಧಿ ಮಧ್ಯಾಹ್ನ ಹನ್ನೆರಡೂವರೆಗೆ ಗೆರೆಯ ಕೆಳಗೆ ಇಳಿದರೆ, ರಾತ್ರಿ 10ರವರೆಗೆ ಒಂಬತ್ತೂವರೆ ಗಂಟೆ ನನ್ನ ಶ್ವಾಸಕೋಶಕ್ಕೆ ಕಾವಲೇ ಇಲ್ಲ. ರೋಗಾಣುಗಳಿಗೆ ಮತ್ತೆ ಬೆಳೆಯಲು ಅಷ್ಟು ಸಮಯ ಬೇಕಾದಷ್ಟಾಯಿತು. ನಾನು ದಿನಾ ಮಧ್ಯಾಹ್ನ ಅವುಗಳಿಗೆ ಬಿಡುವು ಕೊಟ್ಟೆ. ರಾತ್ರಿ ಎಷ್ಟೇ ಸುರಿದರೂ ಆ ಸಮಯ ವಾಪಸ್ ಬರುವುದಿಲ್ಲ.

ಜ್ವರ ಮತ್ತೆ ಬಂತು. ಈ ಸಲ ಮೆಟ್ಟಿಲು ಹತ್ತಲೂ ಉಸಿರು ಸಾಲಲಿಲ್ಲ. ಸ್ಕ್ಯಾನ್ ಮಾಡಿದಾಗ ಶ್ವಾಸಕೋಶದ ಸುತ್ತ ಕೀವು. ಸರಿಯಾಗಿ ಮಾತ್ರೆ ತಗೊಂಡವರಿಗೂ ಹೀಗಾಗುವುದುಂಟು, ಇದೊಂದೇ ಕಾರಣ ಅಂತ ಹೇಳಲಾಗದು ಅಂತ ಅಲ್ಲಿನ ಡಾಕ್ಟರು ಹೇಳಿದರು. ಅವರು ನ್ಯಾಯವಾಗಿಯೇ ಹೇಳಿದರು. ಆದರೂ ಆ ಒಂಬತ್ತೂವರೆ ಗಂಟೆಗಳ ಪಾಲು ಇದರಲ್ಲಿ ಇಲ್ಲ ಅಂತ ನನಗೆ ಇವತ್ತಿಗೂ ಅನ್ನಿಸುವುದಿಲ್ಲ. ಕೀವು ತುಂಬಿದ ಜಾಗಕ್ಕೆ ರಕ್ತದಿಂದ ಔಷಧಿ ಸರಿಯಾಗಿ ಹೋಗುವುದೂ ಇಲ್ಲ. ಅದನ್ನು ಹೊರಗೆ ತೆಗೆಯಲೇಬೇಕು. ಅದಕ್ಕೇ ಟ್ಯೂಬ್. ಆ ನೋವು ನಿಮಗೆ ಬೇಡ.

ವಾರ್ಡಿನಲ್ಲಿ ನನ್ನ ಪಕ್ಕದ ಬೆಡ್‌ನಲ್ಲಿ ಮೂತ್ರದ ಸೋಂಕಿನ ಹಿರಿಯರೊಬ್ಬರಿದ್ದರು. ಅವರಿಗೆ ಅಮಿಕಾಸಿನ್ ಅನ್ನುವ ಬೇರೆ ಜಾತಿಯ ಆಂಟಿಬಯಾಟಿಕ್. ಇಡೀ ದಿನದ್ದು ಒಂದೇ ಸಲ, ಅರ್ಧ ಗಂಟೆಯಲ್ಲಿ ಡ್ರಿಪ್ ಮುಗಿಯುತ್ತಿತ್ತು, ಮತ್ತೆ ನಾಳೆಯೇ. ನನಗೆ ಪೆನಿಸಿಲಿನ್ ಜಾತಿಯದ್ದೇ ಆದ ಪಿಪೆರಾಸಿಲಿನ್-ಟಾಜೊಬ್ಯಾಕ್ಟಮ್. ಒಂದೊಂದು ಡೋಸೂ 4 ಗಂಟೆ ಹನಿಹನಿಯಾಗಿ, ದಿನಕ್ಕೆ 3 ಸಲ. ದಿನದಲ್ಲಿ ಅರ್ಧ ಹೊತ್ತು ಕೈಗೆ ಡ್ರಿಪ್. ಅವರಿಗೆ ಒಳ್ಳೆಯ ಸ್ಟ್ರಾಂಗ್ ಔಷಧಿ ಕೊಟ್ಟು ನನಗೆ ಯಾಕೆ ಇದು ಅಂತ ಕ್ಲಿನಿಕಲ್ ಫಾರ್ಮಸಿಸ್ಟ್ ಹುಡುಗಿಯನ್ನು ಕೇಳಿದೆ. ಕೇಸ್ ಶೀಟಿನ ಹಿಂದೆ ಎರಡು ಗೆರೆ ಎಳೆದು ಅವಳು ತೋರಿಸಿದ್ದನ್ನೇ ನಾನು ಮೇಲೆ ನಿಮಗೆ ಬರೆದಿರುವುದು.

ಅಮಿಕಾಸಿನ್, ಅದೇ ಜಾತಿಯ ಜೆಂಟಾಮೈಸಿನ್ ನಡೆಯುವ ದಾರಿ ಪೂರ್ತಿ ಬೇರೆ. ಅವು ಕೊಲ್ಲುವುದು ಎತ್ತರದಿಂದ. ಮಟ್ಟ ಎಂಐಸಿಯ 8–10 ಪಟ್ಟು ಏರಿದರೆ ಏಟು ಜೋರು. ಮಟ್ಟ ಇಳಿದ ಮೇಲೂ ರೋಗಾಣುಗಳು ಕೆಲವು ಗಂಟೆ ಚೇತರಿಸಿಕೊಳ್ಳುವುದಿಲ್ಲ. ಆದರೆ ಈ ಔಷಧಿ ಮೈಯಲ್ಲಿ ಹಗಲೂ ರಾತ್ರಿ ಉಳಿದುಕೊಂಡರೆ ಕಿಡ್ನಿಗೂ ಕಿವಿಗೂ ಅಪಾಯ. ಅದಕ್ಕೆ ಒಂದೇ ಸಲ ಎತ್ತರಕ್ಕೆ ಏರಿಸಿ, ಆಮೇಲೆ ಪೂರ್ತಿ ಇಳಿಯಲು ಬಿಡುತ್ತಾರೆ. ನನ್ನ ಔಷಧಿಯನ್ನು ಹಾಗೆ ಅರ್ಧ ಗಂಟೆಯಲ್ಲಿ ಕೊಟ್ಟಿದ್ದರೆ ಬೇಗ ಏರಿ ಬೇಗ ಕಿಡ್ನಿಯಿಂದ ಹೊರಗೆ ಹೋಗಿರುತ್ತಿತ್ತು. ನಿಧಾನಕ್ಕೆ ಹರಿಸಿದ್ದು ಗೆರೆಯ ಮೇಲಿನ ಸಮಯ ಹೆಚ್ಚಲಿ ಅಂತ.

ಪೆನಿಸಿಲಿನ್ ಹೀಗೆ ಸೋರಿ ಹೋಗುವುದು ಮೊದಲ ದಿನದಿಂದಲೇ ಗೊತ್ತಿದ್ದ ವಿಷಯ. 1941ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಆಲ್ಬರ್ಟ್ ಅಲೆಕ್ಸಾಂಡರ್ ಅನ್ನುವ ಪೊಲೀಸರಿಗೆ ಅದನ್ನು ಕೊಟ್ಟಾಗ ಸಂಗ್ರಹ ಎಷ್ಟು ಕಡಿಮೆ ಇತ್ತೆಂದರೆ, ಅವರ ಮೂತ್ರದಿಂದಲೇ ಪೆನಿಸಿಲಿನ್ ಬೇರ್ಪಡಿಸಿ ಮತ್ತೆ ಅವರಿಗೇ ಚುಚ್ಚಿದರು. ಅವರು ಚೇತರಿಸಿಕೊಂಡರು. ಔಷಧಿ ಮುಗಿಯಿತು. ಸೋಂಕು ಮರಳಿ ಬಂದು ಮಾರ್ಚ್‌ನಲ್ಲಿ ತೀರಿಕೊಂಡರು. 1950ರ ಹೊತ್ತಿಗೆ ಅಮೆರಿಕದ ವಿಜ್ಞಾನಿ ಹ್ಯಾರಿ ಈಗಲ್, ಪೆನಿಸಿಲಿನ್‌ನಲ್ಲಿ ಡೋಸಿನ ಗಾತ್ರಕ್ಕಿಂತ ಅದು ಕೆಲಸ ಮಾಡುವ ಮಟ್ಟದಲ್ಲಿ ಒಟ್ಟು ಎಷ್ಟು ಹೊತ್ತು ಇತ್ತು ಅನ್ನುವುದೇ ಮುಖ್ಯ ಅಂತ ತೋರಿಸಿದ್ದರು. ಇಷ್ಟು ಹಳೆಯ ವಿಷಯ ಇನ್ನೂ ನಮ್ಮ ಚೀಟಿಗಳಲ್ಲಿ 1-1-1 ಆಗಿಯೇ ಇದೆ ಅನ್ನುವುದು ನನಗೆ ನಿಜಕ್ಕೂ ಸಿಟ್ಟು ತರಿಸುತ್ತದೆ. ‘ಬೆಳಿಗ್ಗೆ 6, ಮಧ್ಯಾಹ್ನ 2, ರಾತ್ರಿ 10’ ಅಂತ ಬರೆಯಲು ಎಷ್ಟು ಹೊತ್ತು ಬೇಕು?

ಈಗ ನಿಮ್ಮ ‘ಸ್ಟ್ರಾಂಗ್’ ಮಾತ್ರೆಗೆ ಬರುತ್ತೇನೆ. ಅಂಥದ್ದು ಇಲ್ಲ. ದಿನಕ್ಕೊಂದೇ ಸಾಕು ಅಂದರೆ ಅದು ಜೋರಾಗಿದೆ ಅಂತಲ್ಲ, ಮೈಯಿಂದ ನಿಧಾನಕ್ಕೆ ಹೊರಗೆ ಹೋಗುತ್ತದೆ ಅಂತಲೋ, ಅಥವಾ ಅಮಿಕಾಸಿನ್ ತರಹ ಎತ್ತರದಿಂದ ಹೊಡೆಯುತ್ತದೆ ಅಂತಲೋ ಅರ್ಥ. ಅಜಿತ್ರೋಮೈಸಿನ್ ಅರ್ಧಾಯು ಸುಮಾರು 68 ಗಂಟೆ. ಅದು ರಕ್ತದಲ್ಲಿ ಕಡಿಮೆ, ಜೀವಕೋಶಗಳ ಒಳಗೆ ಜಾಸ್ತಿ. ಟೈಫಾಯ್ಡ್ ರೋಗಾಣು ಜೀವಕೋಶದ ಒಳಗೇ ಅಡಗುವುದರಿಂದ ಅಲ್ಲಿ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಔಷಧಿ ಯಾವ ಜಾಗಕ್ಕೆ ಮುಟ್ಟುತ್ತದೆ ಅನ್ನುವುದೂ ಮುಖ್ಯ. ನೈಟ್ರೋಫ್ಯುರಾಂಟೋಯಿನ್ ಅನ್ನುವ ಆಂಟಿಬಯಾಟಿಕ್ ಮೂತ್ರದಲ್ಲಿ ತುಂಬಿಕೊಳ್ಳುತ್ತದೆ, ಮೂತ್ರಕೋಶದ ಸೋಂಕಿಗೆ ಒಳ್ಳೆಯದು. ಆದರೆ ಸೋಂಕು ಕಿಡ್ನಿಗೆ ಹತ್ತಿದರೆ ಅದರಿಂದ ಆಗದು. ಡ್ಯಾಪ್ಟೊಮೈಸಿನ್ ರಕ್ತದ ಸೋಂಕಿಗೆ ಕೊಡುವ ಗಟ್ಟಿ ಇಂಜೆಕ್ಷನ್. ಅದನ್ನೇ ನ್ಯುಮೋನಿಯಾಕ್ಕೆ ಕೊಟ್ಟರೆ ಶ್ವಾಸಕೋಶದೊಳಗಿನ ಸರ್ಫ್ಯಾಕ್ಟಂಟ್ ಅನ್ನುವ ಪದಾರ್ಥ ಅದನ್ನು ನಿಷ್ಕ್ರಿಯ ಮಾಡಿಬಿಡುತ್ತದೆ. ಹಾಗಾಗಿ ಯಾವ ಜಾಗದ ಸೋಂಕು, ಅಲ್ಲಿಗೆ ಔಷಧಿ ಮುಟ್ಟುತ್ತದೆಯೇ, ಮುಟ್ಟಿ ಎಷ್ಟು ಹೊತ್ತು ಇರುತ್ತದೆ ಅನ್ನುವುದನ್ನು ಬಿಟ್ಟು ಮೆಡಿಕಲ್ ಶಾಪ್‌ನಲ್ಲಿ ಸ್ಟ್ರಾಂಗ್ ಕೊಡಿ ಅಂತ ಕೇಳುವುದನ್ನು ದಯವಿಟ್ಟು ಮಾಡಬೇಡಿ.

ರೋಗಾಣು ಬೆಳೆಸಿ ಅದು ಯಾವ ಔಷಧಿಗೆ ಬಗ್ಗುತ್ತದೆ ಅಂತ ಲ್ಯಾಬಿನವರು ಕೊಡುವ ಕಲ್ಚರ್ ರಿಪೋರ್ಟ್ ಬಂದರೂ ಇದೇ ಗೊಂದಲ ಆಗುತ್ತದೆ. ಒಂದು ಔಷಧಿಯ ಮುಂದೆ ಎಂಐಸಿ 0.5, ಇನ್ನೊಂದರ ಮುಂದೆ 4 ಇದ್ದರೆ 0.5 ಇರುವುದೇ ಒಳ್ಳೆಯದು ಅಂತ ಅನ್ನಿಸುತ್ತದೆ. ಹಾಗಲ್ಲ. ಒಂದೊಂದು ಔಷಧಿ ಮೈಯಲ್ಲಿ ಏರುವ ಮಟ್ಟವೇ ಬೇರೆ, ಆ ಅಂಕಿಗಳನ್ನು ಅಕ್ಕಪಕ್ಕ ಇಟ್ಟು ಹೋಲಿಸಲು ಬರುವುದಿಲ್ಲ.

ಮನೆಯವರಲ್ಲಿ ಯಾರಿಗಾದರೂ ಸಿಪ್ರೋಫ್ಲಾಕ್ಸಾಸಿನ್ ಬರೆದಿದ್ದರೆ ಇದೊಂದು ನೆನಪಿರಲಿ. ಹಾಲು, ಮೊಸರಿನ ಜೊತೆ ತಗೊಂಡರೆ ರಕ್ತ ಸೇರುವ ಔಷಧಿ ಸುಮಾರು ಮೂರನೇ ಒಂದು ಭಾಗ ಕಡಿಮೆಯಾಗುತ್ತದೆ. ಕಬ್ಬಿಣದ ಮಾತ್ರೆ, ಗ್ಯಾಸ್ಟ್ರಿಕ್‌ಗೆ ಕುಡಿಯುವ ಆಂಟಾಸಿಡ್ ಜೊತೆಯಾದರೆ ಇನ್ನೂ ಜಾಸ್ತಿ ಹಾಳು. ಇವುಗಳಲ್ಲಿರುವ ಕ್ಯಾಲ್ಸಿಯಂ, ಕಬ್ಬಿಣದಂಥ ಲೋಹಗಳು ಹೊಟ್ಟೆಯಲ್ಲೇ ಔಷಧಿಗೆ ಅಂಟಿಕೊಂಡು ರಕ್ತಕ್ಕೆ ಹೋಗಲು ಬಿಡುವುದಿಲ್ಲ. ಕಬ್ಬಿಣ, ಆಂಟಾಸಿಡ್‌ಗಿಂತ 2 ಗಂಟೆ ಮೊದಲು ಅಥವಾ 6 ಗಂಟೆ ನಂತರ ಸಿಪ್ರೋ. ಅಮಾಕ್ಸಿಸಿಲಿನ್‌ಗೆ ಈ ತಾಪತ್ರಯ ಇಲ್ಲ, ಊಟದ ಜೊತೆಗೂ ಸರಿ.

ನೀವು ಏನು ಮಾಡಬೇಕು? ತಪ್ಪಿದ್ದು ನೆನಪಾದ ಕೂಡಲೇ ಒಂದು ತಗೊಳ್ಳಿ. ಮುಂದಿನದ್ದರ ಹೊತ್ತು ಹತ್ತಿರ ಬಂದಿದ್ದರೆ ತಪ್ಪಿದ್ದನ್ನು ಬಿಟ್ಟುಬಿಡಿ. ಎರಡು ಒಟ್ಟಿಗೆ ಬೇಡ. ನಾಳೆಯಿಂದ ಮಧ್ಯಾಹ್ನದ ಮಾತ್ರೆ ಅಂಗಿ ಜೇಬಿನಲ್ಲಿ, ಫೋನಿನಲ್ಲಿ ಅಲಾರಂ. ಅದೂ ಆಗದ ಕೆಲಸವಾದರೆ ಡಾಕ್ಟರಿಗೆ ಫೋನ್ ಮಾಡಿ ‘ಮಧ್ಯಾಹ್ನ ನನ್ನಿಂದ ಆಗುತ್ತಿಲ್ಲ’ ಅಂತ ನೇರವಾಗಿ ಹೇಳಿ. ಅಮಾಕ್ಸಿಸಿಲಿನ್-ಕ್ಲಾವುಲನೇಟ್‌ನಲ್ಲಿ ದಿನಕ್ಕೆ 2 ಸಲ ಕೊಡುವ ದೊಡ್ಡ ಮಾತ್ರೆಯೂ ಇದೆ. ನಿಮ್ಮ ಸೋಂಕಿಗೆ ಅದು ಹೊಂದುತ್ತದೆಯೇ ಅಂತ ಅವರು ನೋಡಿ ಬದಲಿಸಬಹುದು. ಕಿಡ್ನಿ ತೊಂದರೆ ಇದ್ದರೆ ಅದನ್ನೂ ಹೇಳಿ. ಆಗ ಔಷಧಿ ಮೈಯಲ್ಲಿ ಜಾಸ್ತಿ ಹೊತ್ತು ಉಳಿಯುತ್ತದೆ, ನಾನು ಹಾಕಿದ ಲೆಕ್ಕ ನಿಮಗೆ ಹೊಂದುವುದಿಲ್ಲ.

ಯಾವ ಸೋಂಕು ಅಂತ ನೀವು ಬರೆದಿಲ್ಲ. ಎದೆಯದ್ದಾಗಿದ್ದರೆ, ಔಷಧಿ ಶುರುಮಾಡಿ 48ರಿಂದ 72 ಗಂಟೆಯಾದರೂ ಜ್ವರ ಇಳಿಯದಿದ್ದರೆ, ಅಥವಾ ಇಳಿದದ್ದು ಮತ್ತೆ ಬಂದರೆ, ಉಸಿರು ಎಳೆದಾಗ ಪಕ್ಕೆ ನೋವು ಹೆಚ್ಚಾದರೆ, ಕೊಟ್ಟ ತಾರೀಖಿನವರೆಗೆ ಕಾಯಬೇಡಿ. ಏದುಸಿರು ಬರುತ್ತಿದ್ದರೆ ತಕ್ಷಣ ಆಸ್ಪತ್ರೆಗೆ ಹೋಗಿ. ಹೋಗುವಾಗ ಯಾವ ಮಾತ್ರೆ ಎಷ್ಟು ಗಂಟೆಗೆ ತಗೊಂಡಿರಿ, ಯಾವುದು ತಪ್ಪಿತು ಅಂತ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ರೋಗಾಣು ಈ ಔಷಧಿಗೆ ಬಗ್ಗುತ್ತಿಲ್ಲವೋ, ಔಷಧಿ ಹೊತ್ತಿಗೆ ಸರಿಯಾಗಿ ಸಿಗಲಿಲ್ಲವೋ ಅಂತ ಆ ಚೀಟಿ ಇಲ್ಲದೆ ಡಾಕ್ಟರಿಗೆ ತಿಳಿಯುವುದು ಕಷ್ಟ.