ಬಿಲ್ ಪಾಸಾದರೂ ಬಟವಾಡೆಗೆ ದುಡ್ಡಿಲ್ಲ: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ವಿವರ ಮತ್ತು ಮೊತ್ತಗಳನ್ನು ಬದಲಿಸಲಾಗಿದೆ.)

ಸಲಹಾರ್ಥಿಗೆ 38 ವರ್ಷ. ಮನೆ ಮೈಸೂರಿನಲ್ಲಿ, ಕೆಲಸ ಮಂಡ್ಯ ಜಿಲ್ಲೆಯ ಒಂದು ಸರ್ಕಾರಿ ವಿದ್ಯಾರ್ಥಿನಿಲಯದ ಕಟ್ಟಡದಲ್ಲಿ. ಬಹುಕಾಲ ಸೈಟ್ ಎಂಜಿನಿಯರ್ ಆಗಿದ್ದವರನ್ನು ಗುತ್ತಿಗೆ ಸಂಸ್ಥೆಯ ಮಾಲೀಕರು ಪ್ರಾಜೆಕ್ಟ್ ಮ್ಯಾನೇಜರ್ ಮಾಡಿದರು. ಹಣದ ಲೆಕ್ಕ ಮಾತ್ರ ಯಾರೂ ಕಲಿಸಲಿಲ್ಲ. ನಿದ್ದೆ ಬರುವುದಿಲ್ಲವೆಂದು ಬಂದವರು. ಶುಕ್ರವಾರ ರಾತ್ರಿಯಂತೂ ಕಣ್ಣು ಮುಚ್ಚುವುದೇ ಇಲ್ಲ ಎಂದಾಗ ಸುಳಿವು ಸಿಕ್ಕಿತು: ಮರುದಿನ ಬಟವಾಡೆ. ಎರಡನೇ ಭೇಟಿಯಲ್ಲಿ ಬಾಯಿಬಿಟ್ಟರು. ಎರಡು ವಾರದ ಕೂಲಿಗೆಂದು ಹೆಂಡತಿಯ ಒಡವೆ ಅಡವಿಟ್ಟು 1.6 ಲಕ್ಷ ತಂದಿದ್ದರು. ಮಾಲೀಕರಿಗೆ ಗೊತ್ತಿಲ್ಲ. ಒಡವೆ ಲಾಕರಿನಲ್ಲಿದೆ ಎಂದು ಹೆಂಡತಿ ನಂಬಿದ್ದಾರೆ.

ಇಂಥವರಿಗೆ ಧೈರ್ಯ ಹೇಳಿ ಕಳಿಸಿದರೆ ಮುಂದಿನ ಶುಕ್ರವಾರದವರೆಗೂ ಬಾಳುವುದಿಲ್ಲ. ಮುಂದಿನ ಭೇಟಿಗೆ ಕರಾರು ಪತ್ರ, ಬಿಲ್ಲುಗಳು, ಖರ್ಚಿನ ಪುಸ್ತಕ ತರಲು ಹೇಳಿದೆವು. ಅವರ ತಲೆಯಲ್ಲಿ ಎರಡು ಪ್ರಶ್ನೆ ಒಂದಾಗಿ ಕಲಸಿಹೋಗಿದ್ದವು. ಕೆಲಸ ನಷ್ಟದಲ್ಲಿದೆಯೇ ಎನ್ನುವುದು ಒಂದು, ಈ ವಾರ ಕೈಯಲ್ಲಿ ಕಾಸಿದೆಯೇ ಎನ್ನುವುದು ಇನ್ನೊಂದು. ಲಾಭದ ಕೆಲಸದಲ್ಲೂ ಕಾಸಿಲ್ಲದೆ ಮುಗ್ಗರಿಸಬಹುದು. ನಷ್ಟದ ಕೆಲಸದಲ್ಲೂ ಮುಂಗಡದ ಹಣ ಓಡಾಡುತ್ತಿದ್ದರೆ ಎಲ್ಲ ಸರಿಯಿದೆ ಎನಿಸಬಹುದು.

ಮೊದಲು ಕಾಸಿನ ಪ್ರಶ್ನೆ. ಕೊನೆಯ ಬಿಲ್ಲಿನಲ್ಲಿ ಕೆಲಸದ ಮೌಲ್ಯ 24 ಲಕ್ಷ, ಅದರ ಮೇಲೆ ಶೇ. 18 ಜಿಎಸ್‌ಟಿ 4.32 ಲಕ್ಷ, ಒಟ್ಟು 28.32 ಲಕ್ಷ. ಇವರು ಉಕ್ಕಿನ ಅಂಗಡಿಯವರಿಗೆ, ಮೇಸ್ತ್ರಿಗೆ ವಾಯಿದೆ ಹೇಳಿದ್ದು ಈ 28.32 ನಂಬಿಕೊಂಡು. ಆದರೆ ಸಂಸ್ಥೆ ಪಾಲುದಾರಿಕೆಯದ್ದಾದ್ದರಿಂದ ಆದಾಯ ತೆರಿಗೆಯ ಟಿಡಿಎಸ್ (ಹಣ ಕೊಡುವವರು ಮೊದಲೇ ಹಿಡಿದುಕೊಳ್ಳುವ ತೆರಿಗೆ) ಶೇ. 2, ಅಂದರೆ 48,000. ಸರ್ಕಾರಿ ಕೆಲಸವಾದ್ದರಿಂದ ಜಿಎಸ್‌ಟಿ ಟಿಡಿಎಸ್ ಇನ್ನೊಂದು ಶೇ. 2, ಮತ್ತೆ 48,000. ಕಟ್ಟಡ ಕಾರ್ಮಿಕರ ಕಲ್ಯಾಣಕ್ಕೆಂದು ಹಿಡಿಯುವ ಕಾರ್ಮಿಕ ಸೆಸ್ ಶೇ. 1, 24,000. ಕರಾರಿನಂತೆ ಭದ್ರತಾ ಠೇವಣಿ ಶೇ. 5, 1.20 ಲಕ್ಷ. ಎಲ್ಲ ಹಿಡಿದು ಖಾತೆಗೆ ಬಂದದ್ದು 25.92 ಲಕ್ಷ. ಇದರಲ್ಲೂ ಜಿಎಸ್‌ಟಿ ನಮ್ಮದಲ್ಲ. ಹಿಡಿದ 48,000 ಕಳೆದರೂ 3.84 ಲಕ್ಷ ಎತ್ತಿಡಬೇಕು. ಉಳಿಯುವುದು 22.08. ಸಿಮೆಂಟು, ಕಬ್ಬಿಣ ಕೊಂಡಾಗ ಕೊಟ್ಟ ತೆರಿಗೆ ಇದರಲ್ಲಿ ವಜಾ ಆಗುತ್ತದೆ, ನಿಜ. ಆದರೆ ಆ ದುಡ್ಡು ಅಂಗಡಿಗೆ ಆಗಲೇ ಹೋಗಿರುತ್ತದೆ. ಜಿಎಸ್‌ಟಿ ಟಿಡಿಎಸ್ ಕೂಡ ತಾನಾಗಿ ಜಮೆ ಆಗುವುದಿಲ್ಲ. ಕೆಲಸ ಕೊಟ್ಟ ಇಲಾಖೆ ರಿಟರ್ನ್ ಸಲ್ಲಿಸಬೇಕು, ಗುತ್ತಿಗೆ ಸಂಸ್ಥೆಯವರು ಜಿಎಸ್‌ಟಿ ಪೋರ್ಟಲ್‌ನಲ್ಲಿ ಒಪ್ಪಬೇಕು, ಆಮೇಲೆ ಅಲ್ಲಿನ ನಗದು ಲೆಡ್ಜರಿಗೆ, ಅಂದರೆ ತೆರಿಗೆ ಕಟ್ಟಲು ಬಳಸುವ ಖಾತೆಗೆ, ಬರುತ್ತದೆ.

ಇನ್ನೊಂದು ಪೆಟ್ಟು ಇನ್‌ವಾಯ್ಸಿನದು. ಆದ ಕೆಲಸವನ್ನು ಇಲಾಖೆ ಅಳೆಯುವ ಮೊದಲೇ ಟ್ಯಾಕ್ಸ್ ಇನ್‌ವಾಯ್ಸ್ (ತೆರಿಗೆ ಬಿಲ್ಲು) ಕೊಟ್ಟುಬಿಟ್ಟಿದ್ದರು. ಕೊಟ್ಟ ಮೇಲೆ ಮುಂದಿನ ತಿಂಗಳ 20ಕ್ಕೆ ತೆರಿಗೆ ಕಟ್ಟಬೇಕು, ಇಲಾಖೆಯಿಂದ ಹಣ ಬರಲಿ ಬಿಡಲಿ. ತಡವಾದರೆ ವರ್ಷಕ್ಕೆ ಶೇ. 18 ಬಡ್ಡಿ. ಕರಾರಿನಲ್ಲಿ ಹಣಪಾವತಿಯನ್ನು ಯಾವ ಘಟ್ಟಕ್ಕೆ ಜೋಡಿಸಿದ್ದಾರೆ ಎಂದು ನೋಡಿ ಇನ್‌ವಾಯ್ಸಿನ ದಿನ ಗೊತ್ತುಮಾಡುವುದು ತೆರಿಗೆ ಸಲಹೆಗಾರರ ಕೆಲಸ, ಸೈಟಿನವರದಲ್ಲ.

ಈಗ ನಷ್ಟದ ಪ್ರಶ್ನೆ. ಗುತ್ತಿಗೆ 1.20 ಕೋಟಿ, ಅಂದಾಜು ವೆಚ್ಚ 1.05 ಕೋಟಿ. ಕೆಲಸ ಆಗಿರುವುದು ಶೇ. 40, ಅಂದಾಜಿನಂತೆ 42 ಲಕ್ಷ ಖರ್ಚಾಗಬೇಕಿತ್ತು, ಆಗಿರುವುದು 52. ಇದೇ ಓಟದಲ್ಲಿ ಮುಗಿದರೆ ವೆಚ್ಚ 1.30 ಕೋಟಿ, ಹತ್ತು ಲಕ್ಷ ನಷ್ಟ. ಅವರನ್ನು ಕಾಡುತ್ತಿದ್ದದ್ದು ಈ ಹತ್ತು ಲಕ್ಷ. ಆದರೆ 52ರೊಳಗೆ ಇನ್ನೂ ಬಳಸದೆ ಸೈಟಿನಲ್ಲಿ ಬಿದ್ದಿರುವ 2.4 ಲಕ್ಷದ ಕಬ್ಬಿಣವಿತ್ತು. ಅಧಿಕಾರಿಯ ಬಾಯಿಮಾತಿನ ಮೇಲೆ ಕಟ್ಟಿದ ಕಾಂಪೌಂಡ್ ಗೋಡೆಯ 3.4 ಲಕ್ಷವಿತ್ತು, ಅದು ಮೂಲ ಗುತ್ತಿಗೆಯದ್ದೇ ಅಲ್ಲ. ಎರಡನ್ನೂ ತೆಗೆದರೆ 46.2. ಅಂದಾಜಿಗಿಂತ ಶೇ. 10 ಹೆಚ್ಚು, ಕೊನೆಗೆ ವೆಚ್ಚ 1.155 ಕೋಟಿ. ಲಾಭ ಹದಿನೈದು ಲಕ್ಷದಿಂದ ನಾಲ್ಕೂವರೆಗೆ ಇಳಿಯುತ್ತದೆ, ಅಷ್ಟೇ. ಗೋಡೆಯ ಹಣ ಬರದಿದ್ದರೆ ಅದೂ ಇದರಲ್ಲೇ ಕರಗುತ್ತದೆ. ಆದರೂ ಅವರ ಉಸಿರು ಸಡಿಲವಾದದ್ದು ಈ ಗುಣಾಕಾರ ಮುಗಿದಾಗ.

ಶೇ. 10 ಎಲ್ಲಿ ಸೋರಿತು? ನಾಲೆಗೆ ನೀರು ಬಿಟ್ಟು ನಾಟಿ ಶುರುವಾದಾಗ ಸ್ಥಳೀಯ ಆಳುಗಳು ಗದ್ದೆಗೆ ಹೋದರು. ಪೀಸ್‌ವರ್ಕ್ ದರ, ಅಂದರೆ ಮಾಡಿದಷ್ಟು ಕೆಲಸಕ್ಕೆ ಇಷ್ಟು ಎಂಬ ದರ, ಹಿಡಿದಿದ್ದ ಕೆಲಸವನ್ನು ಹೊರಗಿನವರಿಂದ ದಿನಗೂಲಿಗೆ ಮಾಡಿಸಿದರು. ಸೆಂಟ್ರಿಂಗ್ (ಕಾಂಕ್ರೀಟ್ ಗಟ್ಟಿಯಾಗುವವರೆಗೆ ಹೊತ್ತು ನಿಲ್ಲುವ ಹಲಗೆ, ಕಂಬ) ಬಾಡಿಗೆ ಮತ್ತೊಂದು. ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟಿನ ಸ್ಲ್ಯಾಬಿಗೆ, 4.5 ಮೀಟರಿನವರೆಗಿನ ಹರವಾದರೆ ಆಸರೆ ಕಂಬ 7 ದಿನಕ್ಕೆ, ಹೆಚ್ಚಿದ್ದರೆ 14 ದಿನಕ್ಕೆ ಬಿಚ್ಚಬಹುದು. ಇಲ್ಲಿ ಮುಂದಿನ ಸ್ಲ್ಯಾಬಿನ ಕಬ್ಬಿಣ ಸಿದ್ಧವಿಲ್ಲವೆಂದು ಸಾಮಾನು ಒಂದು ತಿಂಗಳು ನಿಂತಲ್ಲೇ ನಿಂತು ಬಾಡಿಗೆ ತಿಂದಿತು.

ಕೊಟ್ಟ ಸಲಹೆ ಹೀಗಿತ್ತು. ಮುಂದಿನ ಹನ್ನೆರಡು ಶನಿವಾರಗಳಲ್ಲಿ ಯಾವಾಗ ಎಷ್ಟು ಹಣ ಬರುತ್ತದೆ, ಎಷ್ಟು ಹೋಗುತ್ತದೆ ಎಂದು ಒಂದು ಹಾಳೆಯಲ್ಲಿ ಬರೆಯುವುದು. ಹಿಂದಿನ ಮೂರು ಬಿಲ್ಲುಗಳಿಗೆ ಅಳತೆ ಪುಸ್ತಕದಲ್ಲಿ ಕೆಲಸ ದಾಖಲಾದಲ್ಲಿಂದ ಹಣ ಜಮೆಯವರೆಗೆ 41, 55, 62 ದಿನ ಹಿಡಿದಿದ್ದವು. ಸರಾಸರಿ ಬೇಡ, 62 ಹಿಡಿಯಿರಿ ಎಂದೆವು. ಬರೆದು ನೋಡಿದರೆ ಐದನೇ ಶನಿವಾರ 3.2 ಲಕ್ಷ ಕೊರತೆ. ಜಿಎಸ್‌ಟಿ ಹಣ ಬಂದ ದಿನವೇ ಬೇರೆ ಖಾತೆಗೆ ಹಾಕಬೇಕು. ಬಾಯಿಮಾತಿನ ಹೆಚ್ಚುವರಿ ಕೆಲಸ ಇನ್ನು ಬೇಡ. ಆಗಿಹೋದದ್ದಕ್ಕೆ ಅಳತೆ, ಫೋಟೊ, ದರ ವಿಶ್ಲೇಷಣೆ (ದರ ಹೇಗೆ ಬಂತೆಂಬ ಲೆಕ್ಕ) ಸೇರಿಸಿ ಇಲಾಖೆಗೆ ಪತ್ರ ಕೊಟ್ಟು, ನಕಲಿನ ಮೇಲೆ ಅಲ್ಲಿನ ಟಪಾಲು ವಿಭಾಗದವರ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಬೇಕು.

ಒಡವೆಯ ವಿಷಯದಲ್ಲಿ ನಾವು ಸಡಿಲ ಬಿಡಲಿಲ್ಲ. ಮೊದಲು ಮನೆಯಲ್ಲಿ ಹೇಳುವುದು, ಆಮೇಲೆ ಮಾಲೀಕರಿಗೆ. ಮಾಲೀಕರೊಡನೆ ಆಡುವ ಮಾತನ್ನು ಇಲ್ಲೇ ಅಭ್ಯಾಸ ಮಾಡಿಸಿದೆವು. ಅವರ ಮೊದಲ ಪ್ರಯತ್ನ ಬರೀ ಕ್ಷಮಾಪಣೆಯಾಗಿತ್ತು. ತಿದ್ದಿದ ಮೇಲೆ (ಸಿಸಿ ಎಂದರೆ ಸಂಸ್ಥೆ ಒಂದು ಮಿತಿಯೊಳಗೆ ಬೇಕಾದಾಗ ಹಣ ತೆಗೆಯಬಹುದಾದ ಬ್ಯಾಂಕ್ ಸಾಲದ ಖಾತೆ): “ಸಾರ್, ಐದನೇ ಶನಿವಾರ ಮೂರು ಲಕ್ಷದ ಇಪ್ಪತ್ತು ಸಾವಿರ ಕಮ್ಮಿ ಬೀಳುತ್ತೆ. ಸಿಸಿ ಖಾತೇಲಿ ಅಷ್ಟು ಮಿಗಿಸಿ ಇಡಬೇಕು. ಹೋದ ತಿಂಗಳು ಕೂಲಿಗೆ ನನ್ನ ಕೈಯಿಂದ 1.6 ಲಕ್ಷ ಹಾಕಿದ್ದೀನಿ, ವೋಚರ್ ಇಲ್ಲಿದೆ, ಸಾಲ ಅಂತ ಬರೆಸಿ.”

ಮಾಲೀಕರು ಸ್ವಲ್ಪ ಹೊತ್ತು ರೇಗಿ, ಹಾಳೆ ನೋಡಿ ಸಿಸಿ ಮಿತಿಗೆ ಒಪ್ಪಿದರು, 1.6 ಲಕ್ಷವನ್ನು ಎರಡು ಕಂತಿನಲ್ಲಿ ತೀರಿಸುವುದಾಗಿ ಬರೆದುಕೊಟ್ಟರು. ಒಡವೆಯ ಬಡ್ಡಿ ಕೊಡಲು ಒಪ್ಪಲಿಲ್ಲ. ಕಾಂಪೌಂಡ್ ಗೋಡೆಯ ಪತ್ರಕ್ಕೆ ಮುದ್ರೆ ಬಿದ್ದಿದೆ, ಮಂಜೂರಾತಿ ಬಂದಿಲ್ಲ. ಅಲ್ಲಿಯವರೆಗೆ ಹಾಳೆಯಲ್ಲಿ ಅದರ ಎದುರು ಸೊನ್ನೆಯನ್ನೇ ಬರೆದಿಡಲು ಹೇಳಿದ್ದೇವೆ.