ಮುರಕಲ್ಲಿನ ಗುಡ್ಡೆಗೂ ಕಡಲ ಮರಳಿಗೂ ಒಂದೇ ಡಿಟೆಕ್ಟರ್ ಸಾಕೇ?

ಪ್ರಶ್ನೆ: ಸರ್, ನಮ್ಮದು ಮಂಜೇಶ್ವರದ ಹತ್ತಿರ. ಮನೆ ಗುಡ್ಡೆಯ ಮೇಲೆ, ಕೆಳಗೆ ಅಡಿಕೆ ತೋಟ. ಕಡಲೂ ದೂರವಿಲ್ಲ. ಕಳೆದ ವರ್ಷ ತೋಟದಲ್ಲಿ ನಮ್ಮ ಮನೆಯವರ ಕಿವಿಯ ಓಲೆ ಬಿದ್ದುಹೋಯಿತು, ಎಷ್ಟು ಹುಡುಕಿದರೂ ಸಿಗಲಿಲ್ಲ. ಅಂದಿನಿಂದ ಒಂದು ಮೆಟಲ್ ಡಿಟೆಕ್ಟರ್ ಕೊಳ್ಳುವ ಆಸೆ. ನಿವೃತ್ತನಾಗಿದ್ದೇನೆ, ಸಂಜೆ ಕಡಪ್ಪುರದಲ್ಲಿ (ಕಡಲ ದಂಡೆಯಲ್ಲಿ) ನಡೆಯುವಾಗ ಹವ್ಯಾಸಕ್ಕೂ ಆಗುತ್ತದೆ. ದುಬೈಯಲ್ಲಿರುವ ತಂಗಿ ಮಗ ತಂದುಕೊಡುತ್ತೇನೆ ಅಂದಿದ್ದಾನೆ. ಐವತ್ತು ಸಾವಿರದವರೆಗೆ ಖರ್ಚು ಮಾಡಬಲ್ಲೆ. ಅತಿ ಆಳಕ್ಕೆ ಹೋಗುವ ಯಂತ್ರ ಯಾವುದು?

ಉತ್ತರ: ಆಳದ ಲೆಕ್ಕ ಸದ್ಯಕ್ಕೆ ಬದಿಗಿಡಿ. ಅಂಗಡಿಯವರು ಅದನ್ನೇ ಹೇಳಿ ಮಾರುತ್ತಾರೆ, ನಿಜ. ಆದರೆ ಒಳ್ಳೆ ಮಣ್ಣಿನಲ್ಲೂ ನಾಣ್ಯದಷ್ಟು ದೊಡ್ಡ ವಸ್ತು ಒಂದು ಗೇಣು ಆಳದಲ್ಲಿ ಸಿಕ್ಕಿದರೆ ಅದೇ ದೊಡ್ಡದು. ನಿಮ್ಮ ಗುಡ್ಡೆಯಲ್ಲಿ ಅಷ್ಟೂ ಕಷ್ಟ. ನೀವು ನೋಡಬೇಕಾದ್ದು ಬೇರೆ: ನಿಮ್ಮ ಎರಡು ನೆಲಗಳನ್ನೂ ತಡೆದುಕೊಳ್ಳುವ ಯಂತ್ರ ಯಾವುದು ಅಂತ.

ಮೊದಲು ಗುಡ್ಡೆ. ನಿಮ್ಮ ಕಡೆಯ ಗುಡ್ಡೆ ಮುರಕಲ್ಲಿನದು, ಅಂದರೆ ಜಂಬಿಟ್ಟಿಗೆ ಕಲ್ಲು. ಅದರ ಕೆಂಪು ಬಣ್ಣವೇ ಕಬ್ಬಿಣದ್ದು. ಡಿಟೆಕ್ಟರಿನ ಕಾಯಿಲ್, ಅಂದರೆ ಕೆಳತುದಿಯಲ್ಲಿರುವ ತಂತಿಸುರುಳಿಯ ತಟ್ಟೆ, ನೆಲದೊಳಕ್ಕೆ ಕಾಂತಕ್ಷೇತ್ರ ಕಳಿಸುತ್ತದೆ. ಅಲ್ಲಿ ಲೋಹವಿದ್ದರೆ ಅದರೊಳಗೆ ಸಣ್ಣ ವಿದ್ಯುತ್ ಸುಳಿ ಏಳುತ್ತದೆ, ಯಂತ್ರ ಅದನ್ನು ಹಿಡಿದು ಸದ್ದು ಮಾಡುತ್ತದೆ. ಮುರಕಲ್ಲಿನಲ್ಲಿರುವ ಕಬ್ಬಿಣದ ಖನಿಜವೂ ಆ ಕ್ಷೇತ್ರವನ್ನು ಕದಡುತ್ತದೆ. ಹಾಗಾಗಿ ಏನೂ ಇಲ್ಲದ ಕಡೆಯೂ ಯಂತ್ರ ಕಿರುಚುತ್ತದೆ. ಈ ಗಲಾಟೆಯನ್ನು ಅಡಗಿಸುವ ಸೌಲಭ್ಯಕ್ಕೆ ಗ್ರೌಂಡ್ ಬ್ಯಾಲೆನ್ಸ್ ಅನ್ನುತ್ತಾರೆ. ಲೋಹವಿಲ್ಲದ ಜಾಗದಲ್ಲಿ ಬಟನ್ ಒತ್ತಿ ಹಿಡಿದು, ಕಾಯಿಲನ್ನು ನೆಲದ ಹತ್ತಿರಕ್ಕೆ ತಂದು ಮತ್ತೆ ಎತ್ತಬೇಕು. ಸದ್ದು ಅಡಗುವವರೆಗೆ ಹೀಗೇ ಮಾಡಬೇಕು. ಅಗ್ಗದ ಮಾದರಿಗಳಲ್ಲಿ ಇದನ್ನು ಕಾರ್ಖಾನೆಯಲ್ಲೇ ಒಂದು ಕಡೆ ನಿಲ್ಲಿಸಿಬಿಟ್ಟಿರುತ್ತಾರೆ, ನಮ್ಮ ಮಣ್ಣಿಗೆ ತಕ್ಕಂತೆ ಬದಲಾಯಿಸಲು ಬರುವುದಿಲ್ಲ. ಯಂತ್ರ ಕೈಗೆ ಬಂದ ದಿನ ಅಂಗಳದ ಒಂದು ಮುರಕಲ್ಲಿನ ತುಂಡು ತಂದು ಕಾಯಿಲ್ ಎದುರು ಆಡಿಸಿ ನೋಡಿ. ಗ್ರೌಂಡ್ ಬ್ಯಾಲೆನ್ಸ್ ಮಾಡುವ ಮೊದಲು ಹೇಗೆ ಕೂಗುತ್ತದೆ, ಮಾಡಿದ ಮೇಲೆ ಹೇಗೆ ಸುಮ್ಮನಾಗುತ್ತದೆ ಅನ್ನುವುದು ಕೂಡಲೇ ತಿಳಿಯುತ್ತದೆ.

ಇನ್ನು ಕಡಲು. ಒಣ ಮರಳು ತೊಂದರೆ ಕೊಡುವುದಿಲ್ಲ, ಅಲ್ಲಿ ಹೆಚ್ಚಿನ ಯಂತ್ರಗಳೂ ಓಡುತ್ತವೆ. ಅಲೆ ಬಂದು ಹೋಗುವ ಒದ್ದೆ ಮರಳಿನಲ್ಲಿ ಕತೆ ಬೇರೆ. ಉಪ್ಪುನೀರಿನಲ್ಲಿ ವಿದ್ಯುತ್ ಹರಿಯುತ್ತದಲ್ವಾ, ಹಾಗಾಗಿ ಯಂತ್ರಕ್ಕೆ ಇಡೀ ದಡವೇ ತೆಳ್ಳಗಿನ ಲೋಹದ ಹಾಗೆ ಕಾಣುತ್ತದೆ. ಮುರಕಲ್ಲನ್ನು ಅಡಗಿಸಿದ ಸೆಟ್ಟಿಂಗಿಗೆ ಉಪ್ಪು ಬಗ್ಗುವುದಿಲ್ಲ. ಒಂದೇ ಫ್ರೀಕ್ವೆನ್ಸಿಯ, ಅಂದರೆ ಕಾಂತಕ್ಷೇತ್ರ ಒಂದೇ ವೇಗದಲ್ಲಿ ಮಿಡಿಯುವ ಯಂತ್ರವಾದರೆ ಉಪ್ಪನ್ನು ಅಡಗಿಸುವಷ್ಟರಲ್ಲಿ ಸಣ್ಣ ಚಿನ್ನದ ಸದ್ದೂ ಅಡಗಿಹೋಗುತ್ತದೆ. ಮಲ್ಟಿ ಫ್ರೀಕ್ವೆನ್ಸಿಯವು ಒಂದೇ ಸಲಕ್ಕೆ ಹಲವು ಫ್ರೀಕ್ವೆನ್ಸಿ ಕಳಿಸಿ ಹೋಲಿಸಿ ನೋಡುತ್ತವೆ. ಉಪ್ಪು ಯಾವುದು, ಖನಿಜ ಯಾವುದು, ಲೋಹ ಯಾವುದು ಅಂತ ಬೇರೆ ಮಾಡಲು ಅವಕ್ಕೆ ಸುಲಭ.

ಹಾಗಾಗಿ ನಿಮಗೆ ಬೇಕಾದ್ದು ಮೂರೂ ಇರುವ ಯಂತ್ರ: ಮಲ್ಟಿ ಫ್ರೀಕ್ವೆನ್ಸಿ, ಕೈಯಾರೆ ಮಾಡಬಹುದಾದ ಗ್ರೌಂಡ್ ಬ್ಯಾಲೆನ್ಸ್, ನೀರಿಗೆ ಬಿದ್ದರೂ ಕೆಡದ ಮೈ. ಟರ್ಕಿಯ ನೋಕ್ಟಾ ಕಂಪನಿಯ ಲೆಜೆಂಡ್ ಇಂಥದ್ದು. ನಿಮ್ಮ ಬಜೆಟ್ಟಿನ ಅಂಚಿಗೆ ಬಂದೀತು. ಆಸ್ಟ್ರೇಲಿಯಾದ ಮೈನ್‌ಲ್ಯಾಬಿನ ಇಕ್ವಿನಾಕ್ಸ್ ಕೂಡ ಇದೇ ಜಾತಿ, ಬೆಲೆ ಜಾಸ್ತಿ. ಅದೇ ಕಂಪನಿಯ ವ್ಯಾಂಕ್ವಿಶ್ ಅಗ್ಗದ ಮಲ್ಟಿ ಫ್ರೀಕ್ವೆನ್ಸಿ. ಅದರ ಹಳೆಯ ಮಾದರಿಗಳಲ್ಲಿ ಕಾಯಿಲಿಗೆ ಮಾತ್ರ ನೀರು ತಾಗಬಹುದು, ಗ್ರೌಂಡ್ ಬ್ಯಾಲೆನ್ಸನ್ನು ಕೈಯಾರೆ ಮಾಡಲೂ ಬರುವುದಿಲ್ಲ. ಬರೀ ಕಡಪ್ಪುರಕ್ಕೆ ಸಾಕಾದೀತು, ನಿಮ್ಮ ಗುಡ್ಡೆಗೆ ನಾನು ಹೇಳಲಾರೆ. ಹಣ ಸಾಲದಿದ್ದರೆ ನೋಕ್ಟಾ ಸಿಂಪ್ಲೆಕ್ಸ್ ನೋಡಿ. ಒಂದೇ ಫ್ರೀಕ್ವೆನ್ಸಿ, ಆದರೆ ಗ್ರೌಂಡ್ ಬ್ಯಾಲೆನ್ಸ್ ಇದೆ, ನೀರಿಗೂ ಹೆದರುವುದಿಲ್ಲ. ಒದ್ದೆ ಮರಳಿನ ಆಸೆಯನ್ನು ಸ್ವಲ್ಪ ಕಡಿಮೆ ಮಾಡಿಕೊಳ್ಳಬೇಕು, ಅಷ್ಟೆ. ಪಲ್ಸ್ ಇಂಡಕ್ಷನ್ ಅಂತ ಇನ್ನೊಂದು ಬಗೆ ಇದೆ. ಉಪ್ಪು, ಖನಿಜ ಎರಡನ್ನೂ ಲೆಕ್ಕಿಸುವುದಿಲ್ಲ, ಆದರೆ ಮೊಳೆ ಯಾವುದು ಉಂಗುರ ಯಾವುದು ಅಂತ ಸರಿಯಾಗಿ ಹೇಳುವುದೂ ಇಲ್ಲ. ದೋಣಿಯ ಮೊಳೆ, ಬಾಟಲಿ ಮುಚ್ಚಳ ತುಂಬಿದ ನಮ್ಮ ದಡದಲ್ಲಿ ಅದನ್ನು ಹಿಡಿದು ನಡೆದರೆ ಎಲ್ಲವನ್ನೂ ಅಗೆದು ಬೆನ್ನು ಬಿದ್ದುಹೋಗುತ್ತದೆ.

ತಂಗಿ ಮಗನಿಗೆ ಹೇಳಿ: ಹೆಸರಾಂತ ಬ್ರಾಂಡುಗಳ ನಕಲಿ ಮಾಲು ಮಾರುಕಟ್ಟೆಯಲ್ಲಿ ಧಾರಾಳ ಇದೆ. ಕಂಪನಿಯ ಅಧಿಕೃತ ಡೀಲರ್ ಹತ್ತಿರವೇ ಕೊಳ್ಳಲಿ. ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಲಿ. ವಾರಂಟಿ ಭಾರತದಲ್ಲಿ ನಡೆಯುತ್ತದೆಯೇ ಅಂತ ಮೊದಲೇ ಕೇಳಲಿ. ಮುಂಗೈ ಉದ್ದದ ಪಿನ್‌ಪಾಯಿಂಟರ್ ಒಂದನ್ನೂ ತರಲಿ. ತೋಡಿದ ಗುಂಡಿಯಲ್ಲಿ ಸಣ್ಣ ವಸ್ತು ಎಲ್ಲಿದೆ ಅಂತ ಅದು ತೋರಿಸುತ್ತದೆ. ಅದಿಲ್ಲದಿದ್ದರೆ ಮಣ್ಣು ಹಿಸುಕುತ್ತಾ ಅರ್ಧ ಗಂಟೆ ಹೋಗುತ್ತದೆ.

ವಿದೇಶಿ ವಿಡಿಯೋಗಳಲ್ಲಿ ಸಿಗದ ಒಂದು ಮಾತು. ಕಬ್ಬಿಣ ಬೇಡ ಅಂತ ಸೆಟ್ ಮಾಡಿದರೆ ನಮ್ಮ ಈಗಿನ ಒಂದು, ಎರಡು ರೂಪಾಯಿ ನಾಣ್ಯಗಳೂ ಕೈತಪ್ಪಬಹುದು. ಅವು ಸ್ಟೇನ್‌ಲೆಸ್ ಸ್ಟೀಲು, ನೂರಕ್ಕೆ 83 ಪಾಲು ಕಬ್ಬಿಣ. ಅಯಸ್ಕಾಂತಕ್ಕೆ ಅಂಟುತ್ತವೆ, ನೋಡಿ. ಸಿಕ್ಕಿದ್ದು ಯಾವ ಬಗೆಯ ಲೋಹ ಅಂತ ಯಂತ್ರ ಪರದೆಯ ಮೇಲೆ ಒಂದು ಅಂಕಿ ತೋರಿಸುತ್ತದೆ, ಇವುಗಳ ಅಂಕಿ ಎಲ್ಲೆಲ್ಲೋ ಹಾರುತ್ತದೆ. ನಾಣ್ಯ ಹೋದರೆ ಹೋಗಲಿ. ಚಿನ್ನದ್ದು ಇನ್ನೂ ಕಷ್ಟ. ಸಣ್ಣ ಉಂಗುರದ ಅಂಕಿ ಹೆಚ್ಚುಕಡಿಮೆ ಸಿಗರೇಟ್ ಪ್ಯಾಕಿನ ಬೇಗಡೆಯ ಜಾಗದಲ್ಲೇ ಬೀಳುತ್ತದೆ. ಬೇಗಡೆ ಬೇಡ ಅಂತ ಬಿಟ್ಟವರು ಚಿನ್ನವನ್ನೂ ಬಿಟ್ಟ ಹಾಗೆ. ತೆಳ್ಳಗಿನ ಸರವನ್ನಂತೂ ಒಳ್ಳೆ ಯಂತ್ರವೂ ಹಲವು ಸಲ ತಪ್ಪಿಸುತ್ತದೆ, ಅದಕ್ಕೆ ಸರವೆಲ್ಲ ಬಿಡಿಬಿಡಿ ಕೊಂಡಿಗಳಾಗಿ ಕಾಣುತ್ತದೆ. ಪದಕವೋ ತಾಳಿಯೋ ಇದ್ದರೆ ಬೇಗ ಸಿಗುತ್ತದೆ.

ನಿಮ್ಮ ಓಲೆಗೆ ಬರುತ್ತೇನೆ. ಅದು ಸಣ್ಣ ವಸ್ತು, ಕೆಲವೇ ಇಂಚಿನೊಳಗೆ ಇದ್ದರೆ ಮಾತ್ರ ಕೇಳಿಸುತ್ತದೆ. ಮೊದಲು ಉದುರಿದ ಸೋಗೆ, ತರಗೆಲೆ ಎಳೆದು ಹಾಕಿ, ಕಾಯಿಲ್ ನೆಲಕ್ಕೆ ತಾಗುವಷ್ಟು ಹತ್ತಿರ ಬರಬೇಕು. ದೊಡ್ಡ ಕಾಯಿಲಿಗಿಂತ ಆರಿಂಚಿನ ಸಣ್ಣದು ಮರದ ಬುಡದಲ್ಲಿ ಒಳ್ಳೆಯದು. ಪಂಪಿನ ಸ್ವಿಚ್ ಆಫ್ ಮಾಡಿ, ಮೋಟರಿನ ಕೇಬಲ್ ಹತ್ತಿರ ಯಂತ್ರ ಸುಮ್ನೆ ಬಡಬಡಿಸುತ್ತದೆ. ಹಗ್ಗ ಕಟ್ಟಿ ಜಾಗವನ್ನು ಸಾಲುಸಾಲಾಗಿ ಮಾಡಿಕೊಂಡು, ಒಂದೊಂದು ಸಾಲಿನಲ್ಲೂ ಕಾಯಿಲನ್ನು ನಿಧಾನವಾಗಿ ಬೀಸಿ. ಆ ಮಣ್ಣಿಗೆ ವರ್ಷದಲ್ಲಿ ಸೊಪ್ಪು ಗೊಬ್ಬರ ಹಾಕಿದ್ದರೆ, ಕೆತ್ತಿದ್ದರೆ, ಓಲೆ ಕೆಳಗಿಳಿದಿರಬಹುದು.

ಕಡಪ್ಪುರಕ್ಕೆ ಹೋಗಲು ಒಳ್ಳೆ ಸಮಯ ಮಳೆಗಾಲದ ಕೊನೆ. ಆಷಾಢದ ಅಲೆ ಮರಳನ್ನು ಎಳೆದುಕೊಂಡು ಹೋಗಿರುತ್ತದೆ, ಆಳದಲ್ಲಿದ್ದದ್ದು ಮೇಲೆ ಬಂದಿರುತ್ತದೆ. ಅಲೆ ಜೋರಿರುವಾಗ ನೀರಿಗೆ ಮಾತ್ರ ಇಳಿಯಬೇಡಿ.

ಕೋಟೆಗಳ ಹತ್ತಿರ ಬೇಡವೇ ಬೇಡ. ಬೇಕಲ ಕೋಟೆ ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ. ಅಲ್ಲಿ ಅನುಮತಿಯಿಲ್ಲದೆ ಅಗೆದರೆ ಕೇಸು. ಸ್ವಂತ ಜಾಗದಲ್ಲೇ ಹಳೆ ನಿಧಿ ಸಿಕ್ಕರೂ ಇಟ್ಟುಕೊಳ್ಳುವ ಹಾಗಿಲ್ಲ. ಕೇರಳಕ್ಕೆ 1968ರದ್ದೇ ಒಂದು ನಿಧಿ ಕಾಯ್ದೆ ಇದೆ, ಕಲೆಕ್ಟರಿಗೆ ತಿಳಿಸಬೇಕು. 2024ರ ಜುಲೈಯಲ್ಲಿ ಕಣ್ಣೂರಿನ ಚೆಂಗಳಾಯಿಯಲ್ಲಿ ಉದ್ಯೋಗ ಖಾತರಿಯ ಹೆಂಗಸರಿಗೆ ಮಳೆಗುಂಡಿ ತೋಡುವಾಗ ಚಿನ್ನದ ಒಡವೆ, ಬೆಳ್ಳಿ ನಾಣ್ಯ ಇದ್ದ ಪಾತ್ರೆ ಸಿಕ್ಕಿತ್ತು. ಅವರು ಮೊದಲು ಅದನ್ನು ಬಾಂಬ್ ಅಂದುಕೊಂಡರು. ಹಾಗೆ ಅಂದುಕೊಂಡದ್ದರಲ್ಲಿ ತಪ್ಪಿಲ್ಲ. ಅದೇ ವರ್ಷ ತಲಶ್ಶೇರಿ ಕಡೆ ತೆಂಗಿನಕಾಯಿ ಹೆಕ್ಕಲು ಹೋದ ಹಿರಿಯರೊಬ್ಬರು ಸ್ಟೀಲ್ ಬಾಂಬ್ ಸಿಡಿದು ತೀರಿಕೊಂಡರು. ಮುಚ್ಚಿದ ಸ್ಟೀಲ್ ಡಬ್ಬಿ ಸಿಕ್ಕರೆ ಮುಟ್ಟದೆ ಪೊಲೀಸರಿಗೆ ಫೋನ್ ಮಾಡಿ.

ಪ್ರಶ್ನೆ: ನಮ್ಮ ಬದಿಯಡ್ಕದ ಕಡೆ ಒಬ್ಬರು ಆಂಟೆನಾ ಇರುವ ಯಂತ್ರ ತಂದು, ನೂರು ಮೀಟರ್ ದೂರದ ಚಿನ್ನವನ್ನೂ ತೋರಿಸುತ್ತದೆ ಅನ್ನುತ್ತಾರೆ. ಮುಂಗಡ ಕೇಳುತ್ತಿದ್ದಾರೆ. ನಂಬಬಹುದೇ?

ಉತ್ತರ: ಕೊಡಬೇಡಿ. ಕಾಯಿಲ್ ಇರುವ ಡಿಟೆಕ್ಟರಿಗೆ ನೂರು ಮೀಟರ್ ದೂರದ ಉಂಗುರ ಕಾಣುವುದೇ ಇಲ್ಲ. ಹಿಡಿಕೆಯ ಮೇಲೆ ಕಡ್ಡಿ ತಿರುಗುವ ಇಂಥ ಯಂತ್ರಗಳಲ್ಲಿ ಕಡ್ಡಿಯನ್ನು ತಿರುಗಿಸುವುದು ಹಿಡಿದವರ ಕೈ. ಇದೇ ಬಗೆಯದನ್ನು ಎಡಿಇ 651 ಅನ್ನುವ ಹೆಸರಿನಲ್ಲಿ ಬಾಂಬ್ ಪತ್ತೆ ಯಂತ್ರವೆಂದು ಇರಾಕಿಗೆ ಮಾರಿದ ಬ್ರಿಟಿಷ್ ವ್ಯಾಪಾರಿ ಜೇಮ್ಸ್ ಮೆಕಾರ್ಮಿಕ್‌ಗೆ 2013ರಲ್ಲಿ ಹತ್ತು ವರ್ಷ ಜೈಲಾಯಿತು. ಗಾಲ್ಫ್ ಚೆಂಡು ಹುಡುಕಲು ಅಂತ ಮಾರುತ್ತಿದ್ದ ಅಗ್ಗದ ಆಟಿಕೆಯಿಂದ ಹುಟ್ಟಿದ ಯಂತ್ರ ಅದು. ನಿಮ್ಮಲ್ಲಿಗೆ ಬಂದವರು ಒಪ್ಪುವುದಾದರೆ ಒಂದು ಪರೀಕ್ಷೆ ಮಾಡಿ. ಐದು ಒಂದೇ ತರದ ಡಬ್ಬಿ ಇಡಿ, ಒಂದರಲ್ಲಿ ಮಾತ್ರ ಉಂಗುರ. ಯಾವುದರಲ್ಲಿ ಅಂತ ಅವರಿಗೂ ಗೊತ್ತಿರಬಾರದು, ಹತ್ತಿರ ನಿಂತ ನಿಮಗೂ ಗೊತ್ತಿರಬಾರದು. ಹತ್ತು ಸಲ ಜಾಗ ಬದಲಿಸಿ ಕೇಳಿ, ಮುಂಗಡದ ಮಾತು ಆಮೇಲೆ.