ಶಾಮೊನಿಯಿಂದ ಜೆರ್ಮಾಟ್: ಮೊದಲು ಹಟ್, ಆಮೇಲೆ ವಿಮಾನ

ಏಪ್ರಿಲ್‌ನಲ್ಲಿ ಗೆಳೆಯನ ಜೊತೆ ಆಲ್ಪ್ಸ್ ಪರ್ವತದಲ್ಲಿ ಫ್ರಾನ್ಸ್‌ನ ಶಾಮೊನಿಯಿಂದ ಸ್ವಿಟ್ಜರ್ಲೆಂಡ್‌ನ ಜೆರ್ಮಾಟ್‌ವರೆಗೆ ಆರು ದಿನದ ಸ್ಕೀ ಟೂರ್ (ಸ್ಕೀ ಮೇಲೆಯೇ ಬೆಟ್ಟ ಹತ್ತಿ ಇಳಿಯುವ ಪಯಣ), ಪುಣೆಯಲ್ಲಿದ್ದುಕೊಂಡು ತಯಾರಿ ಹೇಗೆ ಅಂತ ಕೇಳಿದ್ದೀರಿ. ನಾನೂ ಪುಣೆಯ ಕೋಥ್ರೂಡ್‌ನಲ್ಲೇ ಇದ್ದೇನೆ, ಆ ದಾರಿ ಮುಗಿಸಿ ಬಂದಿದ್ದೇನೆ.

ವಿಮಾನದ ಟಿಕೆಟ್‌ಗಿಂತ ಮೊದಲು ಹಟ್, ಅಂದರೆ ದಾರಿಯಲ್ಲಿ ರಾತ್ರಿ ತಂಗುವ ಬೆಟ್ಟದ ವಸತಿ, ಬುಕ್ ಮಾಡಿ. ಡಿಕ್ಸ್, ವಿನ್ಯೆಟ್ ಹಟ್‌ಗಳು ಎರಡೂ ಬೇಗ ತುಂಬುತ್ತವೆ. ಊಟ, ಕಂಬಳಿ ಅಲ್ಲೇ ಸಿಗುತ್ತದೆ. ಒಳಗೆ ಹೊಕ್ಕು ಮಲಗುವ ತೆಳು ರೇಷ್ಮೆ ಚೀಲ (ಲೈನರ್) ಇದ್ದರೆ ಸಾಕು, ಸ್ಲೀಪಿಂಗ್ ಬ್ಯಾಗ್ ಸುಮ್ನೆ ಭಾರ.

ಏರುವಾಗ ಹಿಂದಕ್ಕೆ ಜಾರದಂತೆ ಸ್ಕೀ ಅಡಿಗೆ ಅಂಟಿಸುವ ಪಟ್ಟಿ, ಅಂದರೆ ಸ್ಕಿನ್ ಬಗ್ಗೆ ತುಂಬಾ ಎಚ್ಚರ ಇರಲಿ. ಅಂಟಿನ ಮೇಲೆ ಹಿಮದ ಪುಡಿ ಕೂತರೆ ಮತ್ತೆ ಹಿಡಿಯುವುದಿಲ್ಲ. ಮೂರನೇ ದಿನ ನನ್ನದು ಹಿಂದಿನಿಂದ ಕಳಚಿ, ಹೆಜ್ಜೆ ಹೆಜ್ಜೆಗೂ ಜಾರಿದೆ. ಇಳಿಯುವಾಗ ಮಡಚಿ ಜಾಕೆಟ್ ಒಳಗೆ ಇಟ್ಟುಕೊಳ್ಳಿ, ಮೈ ಬಿಸಿ ತಾಗಲಿ. ರಾತ್ರಿ ಹಟ್‌ನಲ್ಲಿ ಒಣಗಿಸಿ.

ಬೆಳಗಿನ ಜಾವವೇ ಹೊರಡಿ. ಬಿಸಿಲೇರಿದರೆ ಹಿಮ ಸಡಿಲವಾಗಿ ಕುಸಿಯುವ ಅಪಾಯ ಜಾಸ್ತಿ. ಹಿಮದಡಿ ಸಿಕ್ಕಿದವರನ್ನು ಹುಡುಕಲು ಬೀಕನ್ (ಸಿಗ್ನಲ್ ಕಳಿಸುವ, ಹಿಡಿಯುವ ಸಾಧನ), ಸಲಿಕೆ, ಪ್ರೋಬ್ (ಹಿಮಕ್ಕೆ ಚುಚ್ಚಿ ನೋಡುವ ಉದ್ದ ಕೋಲು) ಮೂರೂ ಪ್ರತಿಯೊಬ್ಬರ ಹತ್ತಿರ ಇರಲೇಬೇಕು. ಗ್ಲೇಸಿಯರ್‌ನಲ್ಲಿ (ಹಿಮನದಿಯಲ್ಲಿ) ಹಿಮ ಮುಚ್ಚಿದ ಬಿರುಕುಗಳಿರುತ್ತವೆ. ದಯವಿಟ್ಟು ಇಬ್ಬರೇ ಹೋಗಬೇಡಿ, ಗೈಡ್ ತೆಗೆದುಕೊಳ್ಳಿ.

ಕಾಲಿನ ತಯಾರಿಗೆ ಪುಣೆ ಹತ್ತಿರದ ಸಿಂಹಗಡ ಕೋಟೆ ಬೆಟ್ಟ ಇದೆಯಲ್ವಾ? 10 ಕೆಜಿ ಬೆನ್ನಿಗೇರಿಸಿ ವಾರಕ್ಕೆರಡು ಸಲ ಹತ್ತಿ. ಸ್ಕೀ ಮಾತ್ರ ಗುಲ್ಮಾರ್ಗ್‌ಗೆ ಹೋಗಿಯೇ ಕಲಿಯಿರಿ. ಬ್ಯಾಗ್ ಹೊತ್ತು, ಯಂತ್ರ ಓಡಿಸಿ ಸಮ ಮಾಡದ ಹಿಮದಲ್ಲಿ ಬೀಳದೆ ಇಳಿಯಲು ಬರುವವರೆಗೆ ತಾರೀಕು ಮುಂದೂಡಿ.